ಯಾವುದು ಕಳೆ?

ಮೂಡುಬಿದಿರೆಗೆ ಸಮೀಪದ ಶಿರ್ತಾಡಿಯಲ್ಲಿ ಬೈಲಿನ ತುಂಬ ಅಡಕೆ ತೋಟಗಳು; ಅವುಗಳ ಮೇಲೆ ಮುರಕಲ್ಲಿನ ಗುಡ್ಡಗಳು. ಆ ಊರಿನ ವೃದ್ಧ ಕೃಷಿಕರೊಬ್ಬರು ಬಾಲ್ಯದಲ್ಲಿ ದನ ಮೇಯಿಸಿದ್ದು ಅಂಥದೊಂದು ಗುಡ್ಡದಲ್ಲಿ. ಅಂದು ಅಲ್ಲಿ ಮುಳಿಹುಲ್ಲು ಸೊಂಪಾಗಿ ಬೆಳೆಯುತ್ತಿತ್ತು. ಕೇಪುಳ, ಕುಂಟಾಲ, ನೆಕ್ಕರೆಯ ಪೊದೆಗಳು ಮಕ್ಕಳಿಗೆ ಹಣ್ಣಿನ ಭಂಡಾರಗಳಾಗಿದ್ದವು. ಇಂದು ಅವೆಲ್ಲವನ್ನೂ ಒಂದೇ ಗಿಡ ಮುಚ್ಚಿದೆ. ಊರಿನವರು ಅದನ್ನು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ. ಮೇವಿಲ್ಲದ ಆ ಗುಡ್ಡಕ್ಕೆ ಈಗ ದನಗಳನ್ನು ಅಟ್ಟುವವರಿಲ್ಲ.

ಈ ಗಿಡದ ತವರು ಅಮೆರಿಕ ಖಂಡದ ಉಷ್ಣಪ್ರದೇಶ. 19ನೆಯ ಶತಮಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಇದು ಎರಡನೆಯ ಮಹಾಯುದ್ಧದ ಅನಂತರ ದಕ್ಷಿಣ ಭಾರತದಲ್ಲಿ ವೇಗವಾಗಿ ಹಬ್ಬಿತು. ಚಳಿಗಾಲದಲ್ಲಿ ಹೂ ಬಿಟ್ಟು, ಬೇಸಗೆಯ ಗಾಳಿಗೆ ಸಾವಿರಾರು ಹಗುರವಾದ ಬೀಜಗಳನ್ನು ತೂರುತ್ತದೆ. ತವರಿನಲ್ಲಿ ಇದನ್ನು ತಿಂದು ಹದ್ದಿನಲ್ಲಿಡುವ ಕೀಟಗಳಿವೆ, ಇಲ್ಲಿ ಅವಿರಲಿಲ್ಲ. ದನಗಳೂ ಇದನ್ನು ಮೂಸಿ ಮುಂದೆ ಹೋಗುತ್ತವೆ. ಬೇಸಗೆಯಲ್ಲಿ ಒಣಗಿದ ಗಿಡ ಕಾಡ್ಗಿಚ್ಚಿಗೆ ಇಂಧನವಾಗುತ್ತದೆ. ಬೆಂಕಿ ಆರಿದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ.

ಆಟಿ ತಿಂಗಳ ಒಂದು ರವಿವಾರ, ಮಳೆ ಹೊಳವಾದಾಗ, ಆ ಹಿರಿಯರು ಮೊಮ್ಮಗನೊಡನೆ ಗುಡ್ಡವನ್ನೇರಿದರು. ಕತ್ತಿಯಿಂದ ಕಡಿದರೆ ಈ ಗಿಡ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಬೇರುಸಹಿತ ಕೀಳಬೇಕು. ಬಾಲಕನ ಸಹಪಾಠಿಯೊಬ್ಬನೂ ನೆರವಿಗೆ ಬಂದಿದ್ದ. ಅವನ ತಂದೆತಾಯಿಗಳು ಉತ್ತರ ಕರ್ನಾಟಕದಿಂದ ತೋಟದ ಕೆಲಸಕ್ಕೆ ಬಂದವರು. ಶಾಲೆಯಲ್ಲಿ ಕೆಲವರು ಅವನನ್ನು ‘ಹೊರಗಿನವನು’ ಎಂದು ಹಂಗಿಸುತ್ತಿದ್ದರು. ಮೊಮ್ಮಗನೂ ಅವರೊಡನೆ ನಕ್ಕದ್ದುಂಟು.

ಗಿಡ ಕೀಳುತ್ತ ಕೀಳುತ್ತ ಮೊಮ್ಮಗನ ಉತ್ಸಾಹ ಏರಿತು. “ಅಜ್ಜಾ, ಗೇರುಮರವೂ ಪರದೇಶದ್ದಂತೆ. ಹೊರಗಿನದನ್ನೆಲ್ಲ ಕಿತ್ತೊಗೆಯೋಣವೇ?” ಎಂದು ಕೇಳಿದ.

ಸಹಪಾಠಿಯ ಕೈ ಒಂದು ಕ್ಷಣ ನಿಂತಿತು. ಅಜ್ಜ ಅದನ್ನು ಗಮನಿಸಿದರು.

“ಹಾಗಾದರೆ ಅಡುಗೆಮನೆಯಿಂದಲೇ ಆರಂಭಿಸು, ಮಗಾ. ಹಸಿಮೆಣಸು, ಅನಾನಸು, ಪಪ್ಪಾಯಿ ಎಲ್ಲವೂ ಕಡಲು ದಾಟಿ ಬಂದವುಗಳೇ. ನಿನ್ನ ಅಜ್ಜಿ ಒಪ್ಪುವಳೇ?” ಎಂದು ನಕ್ಕು, ಅವರು ಗೇರುಮರದ ಬುಡದಲ್ಲಿ ಕುಳಿತರು. “ಇದನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದರು. ಇದು ಬರಡು ಗುಡ್ಡದ ಮಣ್ಣನ್ನು ಹಿಡಿದು ನಿಂತಿತು. ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ನಿನ್ನ ಕೈಯಲ್ಲಿರುವ ಕಳೆಯೂ ಅದೇ ಖಂಡದಿಂದ ಬಂದದ್ದು. ಎಲ್ಲಿಂದ ಬಂತೆಂದು ಕೇಳಿದರೆ ಎರಡಕ್ಕೂ ಒಂದೇ ಉತ್ತರ. ಬಂದ ಮೇಲೆ ಏನು ಮಾಡಿತೆಂದು ಕೇಳು. ನೆರೆಯ ಗಿಡಕ್ಕೆ ಬಿಸಿಲನ್ನೂ ನೆಲವನ್ನೂ ಬಿಡದೆ ಎಲ್ಲವನ್ನೂ ತನ್ನದಾಗಿಸಿಕೊಳ್ಳುವುದೇ ಆಕ್ರಮಣ. ಈ ಗಿಡಕ್ಕೆ ಅದು ತಿಳಿಯದು. ಸಾಗರ ದಾಟಿಸಿದ ಮನುಷ್ಯನಿಗಾದರೂ ತಿಳಿಯಬೇಕಿತ್ತು.”

ಮೊಮ್ಮಗ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಬುತ್ತಿಯನ್ನು ಬಿಚ್ಚಿ, ಮೊದಲ ಪಾಲನ್ನು ಗೆಳೆಯನ ಮುಂದಿಟ್ಟ.

ಒಂದೇ ದಿನದಲ್ಲಿ ಗುಡ್ಡ ಶುದ್ಧವಾಗಲಿಲ್ಲ. ಗಾಳಿ ಪ್ರತಿ ವರ್ಷವೂ ಹೊಸ ಬೀಜಗಳನ್ನು ತಂದು ಸುರಿಯಿತು. ಆದರೂ ಪ್ರತಿ ಮಳೆಗಾಲದಲ್ಲಿಯೂ ಇಬ್ಬರು ಬಾಲಕರು ಅಜ್ಜನೊಡನೆ ಅಲ್ಲಿಗೆ ಹೋದರು. ಮೂರನೆಯ ಮಳೆಗಾಲದಲ್ಲಿ, ಗೇರುಮರದ ಆಚೆಗಿನ ಅಂಗೈಯಗಲದ ನೆಲದಲ್ಲಿ, ಮುಳಿಹುಲ್ಲು ಮತ್ತೆ ತಲೆಯೆತ್ತಿತು.