ಹಲಗೆ ಸುಟ್ಟದ್ದು ಯಾರು?

ಮನೆಯ ಉರ್ದುವಿನಲ್ಲಿ ನಮಗದು 'ಆರಾ'. ಕನ್ನಡ ಶಾಲೆಗೆ ಹೋದ ಮೇಲೆ 'ಗರಗಸ'ವಾಯಿತು. ಅಬ್ಬಾ ಕೈಯಿಂದ ಎಳೆಯುತ್ತಿದ್ದ ಗರಗಸ ಮೂಲೆ ಸೇರಿ, ನಮ್ಮ ಅಣ್ಣತಮ್ಮಂದಿರ ಕಾಲಕ್ಕೆ ಕಬ್ಬಿಣದ ಮೇಜಿನ ನಡುವೆ ತಿರುಗುವ 10 ಇಂಚಿನ ಚಕ್ರ ಬಂತು. ಕೆಳಗೆ ಮೋಟಾರು, ಬೆಲ್ಟು. ಪಕ್ಕದಲ್ಲಿ ಹಲಗೆಯನ್ನು ಒರಗಿಸಿ ನೂಕಲು ಒಂದು ಉದ್ದ ಪಟ್ಟಿ, ಅದಕ್ಕೆ ಫೆನ್ಸ್ ಎನ್ನುತ್ತಾರೆ. ಜಕರಿಯಾ ಅಲೈಹಿಸ್ಸಲಾಮರು ಬಡಗಿಯಾಗಿದ್ದರು ಎಂಬ ಹದೀಸನ್ನು ಅಬ್ಬಾ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆಯನ್ನು ನಾವು ಉಳಿಸಿಕೊಂಡೆವು, ಅವರ ತಾಳ್ಮೆಯನ್ನಲ್ಲ.

ಒಂದು ಮಳೆಗಾಲದಲ್ಲಿ ಸೀಳಿದ ಹಲಗೆಗಳ ಅಂಚು ಕಪ್ಪಗೆ ಸುಡತೊಡಗಿತು. ಮರ ಹಸಿಯಾಗಿದೆ ಎಂದೆವು. ಕರೆಂಟು ಸಾಲದು ಎಂದೆವು. ಕೊನೆಗೆ ಹಲಗೆ ನೂಕುವ ಹುಡುಗನೇ ಸೋಮಾರಿ ಎಂದೆವು. ನಿಧಾನವಾಗಿ ನೂಕಿದರೆ ಮರ ಸುಡುವುದು ನಿಜವೇ. ಬೈಯುವವರಿಗೆ ಅಷ್ಟು ನಿಜ ಸಾಕು. "ಹಿಂದುಗಡೆ ಏನೋ ಹಿಡೀತದೆ ಭಾಯಿ" ಎಂದು ಅವನು ಎರಡು ಸಲ ಹೇಳಿದ್ದ. ನಾವು ಸುಟ್ಟ ಹಲಗೆಗಳ ಲೆಕ್ಕ ಹಾಕಿ ಅವನ ಕೂಲಿಯಲ್ಲಿ ಮುರಿದುಕೊಂಡೆವು.

ಒಂದು ಮಧ್ಯಾಹ್ನ ಹಲಸಿನ ಹಲಗೆಯೊಂದು ಚಕ್ರಕ್ಕೆ ಸಿಕ್ಕಿ ಹಿಂದಕ್ಕೆ ಚಿಮ್ಮಿ ಅವನ ಪಕ್ಕೆಗೆ ಬಡಿಯಿತು. ಎಲುಬು ಬಿರುಕು ಬಿಟ್ಟಿತ್ತು.

ಮರುದಿನ ಹಳೆಯ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಚಕ್ರದ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಮೇಜಿನ ಗಾಡಿಯಿಂದ ಅದಕ್ಕಿರುವ ಅಂತರವನ್ನು ಮುಂಭಾಗದಲ್ಲಿ ಅಳೆದರು. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದರು. ಎರಡೂ ಒಂದೇ; ಚಕ್ರ ನೆಟ್ಟಗಿತ್ತು. ಆಮೇಲೆ ಫೆನ್ಸ್ ಅಳೆದರು. ಮುಂದಕ್ಕಿಂತ ಹಿಂದೆ ಅರ್ಧ ನೂಲು, ಎಂದರೆ ಸುಮಾರು ಒಂದೂವರೆ ಮಿಲಿಮೀಟರು, ಚಕ್ರದ ಕಡೆಗೆ ವಾಲಿತ್ತು. ಮುಂದೆ ಸರಾಗವಾಗಿ ಒಳಹೋದ ಹಲಗೆ ಹಿಂದೆ ಇಕ್ಕಟ್ಟಿಗೆ ಸಿಕ್ಕಿ ಉಜ್ಜಿ ಸುಡುತ್ತದೆ. ಹಿಂದಿನ ಹಲ್ಲುಗಳು ಮೇಲಕ್ಕೆ ಏಳುವಂಥವು. ಹಲಗೆಯನ್ನು ಎತ್ತಿ ನೂಕುವವನ ಕಡೆಗೇ ಎಸೆಯುತ್ತವೆ.

ಉಳಿದ ನೆಪಗಳನ್ನೂ ಅವರು ಬಿಡಲಿಲ್ಲ. ಹಸಿ ಮರ ಸೀಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದುಂಟು. ಅದನ್ನು ತಡೆಯಲೆಂದೇ ಚಕ್ರದ ಹಿಂದೆ ಉಕ್ಕಿನ ತಗಡೊಂದು ಇರುತ್ತದೆ. ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಗೋಡೆಗೆ ನೇತುಹಾಕಿದವರು ನಾವೇ. ಕರೆಂಟು ಸಾಲದೆ ಅಲ್ಲ, ಬೆಲ್ಟು ಸಡಿಲವಾಗಿ ಚಕ್ರ ಸೊರಗುತ್ತಿತ್ತು. ಮೋಟಾರು ಬರೀ ಗುಂಯ್‌ಗುಟ್ಟಿ ತಿರುಗದಿದ್ದರೆ ಮೊದಲು ಕೆಪಾಸಿಟರ್ ನೋಡಿ ಎಂದರು. ಅಡ್ಡ ಕೊಯ್ಯುವ 60 ಹಲ್ಲಿನ ಚಕ್ರದಲ್ಲೇ ನಾವು ಉದ್ದಕ್ಕೂ ಸೀಳುತ್ತಿದ್ದೆವು. ಸೀಳಲು 24 ಹಲ್ಲಿನದು ಬೇಕು. ಹಲ್ಲುಗಳಿಗೆ ಅಂಟಿದ ಮೇಣವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದೆವು. ಕೊನೆಗೆ ಒಂದು ತುಂಡು ಅಡ್ಡ ಕೊಯ್ದು, ಒಂದು ಭಾಗವನ್ನು ಮಗುಚಿ ಜೋಡಿಸಿ ಬೆಳಕಿಗೆ ಹಿಡಿದರು. ಚಕ್ರ ಮೇಜಿಗೆ ನೇರವಾಗಿಲ್ಲದಿದ್ದರೆ ಆ ಸಂದಿನಲ್ಲಿ ತಪ್ಪು ಎರಡರಷ್ಟಾಗಿ ಕಾಣುತ್ತದೆ.

ಹೊರಡುವಾಗ ಮಿಸ್ತ್ರಿ ಕೇಳಿದರು: "ಹಲಗೆ ಹಿಡಿದವನ ಕೈಗೆ ಇದು ಮೊದಲೇ ಗೊತ್ತಾಗಿರಬೇಕಲ್ಲ? ಅವನು ಹೇಳಲಿಲ್ಲವೇ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಶುಕ್ರವಾರ ನಮಾಜು ಮುಗಿಸಿ ಅವನ ಮನೆಗೆ ಹೋದೆವು. ಆಸ್ಪತ್ರೆಯ ಖರ್ಚಿನ ಜೊತೆ ಮುರಿದುಕೊಂಡಿದ್ದ ಕೂಲಿಯನ್ನೂ ಚಾಪೆಯ ಮೇಲಿಟ್ಟು ಮಾಫಿ ಕೇಳಿದೆವು. ಅವನ ತಾಯಿ ಏನೂ ಅನ್ನಲಿಲ್ಲ, ಚಹಾ ತಂದಿಟ್ಟರು. ಹುಡುಗ ಒರಗಿ ಕೂತೇ ಹಣ ಎಣಿಸಿದ. ಒಂದು ನೋಟು ತೆಗೆದು ನಮ್ಮತ್ತ ಸರಿಸಿದ.

"ಒಂದು ಹಲಗೆ ನಾನೇ ಸುಟ್ಟಿದ್ದು ಭಾಯಿ. ಬೀದಿಯಲ್ಲಿ ಮದುವೆ ದಿಬ್ಬಣ ಹೋಗ್ತಿತ್ತು, ನೋಡ್ತಾ ನಿಂತುಬಿಟ್ಟೆ."