ಹೂಡಿಯ ಲೆಕ್ಕ ಕಲಿಸಿದ ಬೀಡಿ

ಮೊದಲ ಸಲ ಫೋನಿನಲ್ಲಿ "ಅಕ್ಕ, ಹೂಡಿ ವ್ಯಾಪಾರ ಮಾಡ್ತೇನೆ" ಅಂದಾಗ ಅವಳು ಕೇಳಿದ್ದು, "ಯಾವ ಹುಡಿ? ಮೆಣಸಿನದ್ದಾ, ಅರಸಿನದ್ದಾ?" ನಮ್ಮ ಊರಿನ ಕನ್ನಡದಲ್ಲಿ ಹುಡಿ ಅಂದರೆ ಪುಡಿ ತಾನೇ. ಟೊಪ್ಪಿ ಇರುವ ದಪ್ಪ ಅಂಗಿ, ಚಳಿಗೆ ಹಾಕುವಂಥದ್ದು ಅಂತ ವಿವರಿಸಿದೆ. "ಚಳಿಯಾ? ಅದೆಂಥ ಊರು ಮಾರಾಯ ನಿನ್ನದು!" ಅಂತ ನಕ್ಕಳು. ಆ ನಗುವಿನ ಬೆನ್ನಿಗೇ 50,000 ರೂಪಾಯಿ ಕಳಿಸಿದಳು. ಅದು ಅವಳು ವರ್ಷಗಟ್ಟಲೆ ಬೀಡಿ ಕಟ್ಟಿ, ಮಗಳ ಕಾಲೇಜಿಗೆಂದು ಕೂಡಿಟ್ಟ ಹಣ. ಲಾಭದಲ್ಲಿ ಅರ್ಧರ್ಧ ಅಂತ ಮಾತಾಗಿತ್ತು.

ನಾನು ಊರು ಬಿಟ್ಟದ್ದು ಬೇಕರಿ ಕೆಲಸಕ್ಕೆ. ನಮ್ಮ ಮಾವ ಉಮರ್ಗಾದಲ್ಲಿ, ಪುಣೆ-ಹೈದರಾಬಾದ್ ಹೆದ್ದಾರಿಯ ಬದಿಯಲ್ಲಿ ಬೇಕರಿ ಇಟ್ಟಿದ್ದರು. ಅಲ್ಲಿ ಆರು ವರ್ಷ ಬನ್ನು, ಖಾರ ಮಾರಿದ ಮೇಲೆ ಉದಗೀರಿಗೆ ಬಂದು ರೆಡಿಮೇಡ್ ಬಟ್ಟೆಯ ಸಣ್ಣ ಅಂಗಡಿ ಹಾಕಿದೆ. ಇಲ್ಲಿ ಬ್ಯಾರಿ ಭಾಷೆ ಆಡಲು ಮನೆಯಾಕೆ ಬಿಟ್ಟರೆ ಯಾರೂ ಇಲ್ಲ. ಮಸೀದಿಯಲ್ಲಿ ದಖ್ಖನಿ ಉರ್ದು, ಬಜಾರಿನಲ್ಲಿ ಮರಾಠಿ. ಆದರೆ ಹಳ್ಳಿಯಿಂದ ಬರುವ ಹಿರಿಯರು ನಾನು ಕನ್ನಡದವನೆಂದು ಗೊತ್ತಾದ ಕೂಡಲೇ ಕನ್ನಡಕ್ಕೆ ತಿರುಗುತ್ತಾರೆ. ಉದಗೀರ್, ನಿಲಂಗಾ ತಾಲೂಕುಗಳು 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾದರೂ ನಾಲಗೆ ಬದಲಾಗಲಿಲ್ಲ.

ಇಲ್ಲಿಯ ಚಳಿಯನ್ನು ನಮ್ಮ ಕರಾವಳಿಯವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಡಿಸೆಂಬರಿನಲ್ಲಿ ಬೆಳಗ್ಗೆ ಶಟರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಲಾತೂರು ಜಿಲ್ಲೆ ಅಂದರೆ ಕೋಚಿಂಗ್ ಕ್ಲಾಸುಗಳ ಸೀಮೆ. ನೀಟ್, ಜೆಇಇ ಅಂತ ಮಕ್ಕಳು ಕತ್ತಲಿರುವಾಗಲೇ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಬೆನ್ನ ಮೇಲೆ ಬ್ಯಾಚಿನ ಹೆಸರಿರುವ ಒಂದೇ ಬಣ್ಣದ ಹೂಡಿ ಹಾಕುವುದು ಅವರಿಗೆ ಒಂದು ಹೆಮ್ಮೆ. 2023ರ ಅಕ್ಟೋಬರಿನಲ್ಲಿ ಒಂದು ಕ್ಲಾಸಿನ ಹುಡುಗರು ಅಂಗಡಿಗೆ ಬಂದು "120 ಹೂಡಿ ಮಾಡಿಸಿ ಕೊಡ್ತೀರಾ, ಒಂದಕ್ಕೆ ಎಷ್ಟು?" ಅಂತ ಕೇಳಿದರು.

ನಾನು ಏನು ಮಾಡಿದೆ ಗೊತ್ತಾ? ನನ್ನದೇ ಹೂಡಿಯನ್ನು ಮಾವನ ಬೇಕರಿಯ ತಕ್ಕಡಿಯಲ್ಲಿಟ್ಟೆ. 500 ಗ್ರಾಂ ತೋರಿಸಿತು. ಹೂಡಿಯ ಬಟ್ಟೆಯನ್ನು ಮೀಟರಿನಲ್ಲಲ್ಲ, ಕಿಲೋದಲ್ಲಿ ಮಾರುತ್ತಾರೆ. ತಿರುಪ್ಪೂರಿನ ವ್ಯಾಪಾರಿಗೆ ಫೋನ್ ಮಾಡಿದೆ. ನಾನು ಬ್ಯಾರಿಯಲ್ಲಿ ಕೇಳಿದೆ, ಅವರು ತಮಿಳಿನಲ್ಲಿ ಹೇಳಿದರು, ವ್ಯವಹಾರ ಮುಗಿಯಿತು! ಕಿಲೋಗೆ 380 ರೂಪಾಯಿ. ಅಂದರೆ ಅರ್ಧ ಕಿಲೋಗೆ 190. ಹೊಲಿಗೆ 110, ಪ್ರಿಂಟ್ ಮತ್ತು ಎಂಬ್ರಾಯ್ಡರಿ 60, ಇತರೆ 40. ಒಟ್ಟು 400. "520 ರೂಪಾಯಿಗೆ ಕೊಡ್ತೇನೆ" ಅಂದುಬಿಟ್ಟೆ. 120 ಹೂಡಿಗೆ 14,400 ಲಾಭ ಅಂತ ರಾತ್ರಿ ನಿದ್ದೆಯಲ್ಲೂ ಎಣಿಸಿದೆ.

ಬಟ್ಟೆ ಸೋಲಾಪುರಕ್ಕೆ ಬಂತು. ಶಾಲಾ ಸಮವಸ್ತ್ರ ಹೊಲಿಯುವುದರಲ್ಲಿ ಸೋಲಾಪುರ ಹೆಸರಾದ ಊರು. ಅಲ್ಲಿಯ ಮಾಸ್ತರರು ತೆಲುಗು, ಮರಾಠಿ, ಕನ್ನಡ ಮೂರನ್ನೂ ಕಲಸಿ ಮಾತಾಡುವವರು. ಬಟ್ಟೆ ಮುಟ್ಟಿ ನೋಡಿ, "ಇದು 300 ಜಿಎಸ್‌ಎಂ, ಟೊಪ್ಪಿ ಎರಡು ಪದರ ಬೇಕು ಅಂತೀರಿ. ಅರ್ಧ ಕಿಲೋದಲ್ಲಿ ಆಗಲ್ಲ ಭಾಯ್" ಅಂದರು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ನಾನು ತೂಗಿದ ನನ್ನ ಹೂಡಿ ತೆಳು ಬಟ್ಟೆಯದ್ದು, ಸಣ್ಣ ಅಳತೆಯದ್ದು. ಹುಡುಗರಲ್ಲಿ ಅರ್ಧದಷ್ಟು ಮಂದಿ ದೊಡ್ಡ ಅಳತೆ ಕೇಳಿದ್ದರು.

ಕಡೆಗೆ ಖರ್ಚಾದದ್ದು ಹೀಗೆ. ಬಟ್ಟೆ 84 ಕಿಲೋ, 31,920 ರೂಪಾಯಿ. ತೋಳಿನ ತುದಿಗೂ ಸೊಂಟಕ್ಕೂ ಹಾಕುವ ರಿಬ್ ಪಟ್ಟಿ 10 ಕಿಲೋ, 4,200. ಇವೆರಡಕ್ಕೆ ಶೇ. 5 ಜಿಎಸ್‌ಟಿ 1,806. ನನ್ನದು ನೋಂದಣಿ ಇಲ್ಲದ ಚಿಕ್ಕ ಅಂಗಡಿ, ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಹೊಲಿಗೆ 13,200. ಬೆನ್ನಿನ ಚಿತ್ರಕ್ಕೆ ಮೂರು ಬಣ್ಣ, ಬಣ್ಣಕ್ಕೊಂದು ಸ್ಕ್ರೀನ್, ಅದಕ್ಕೆ 1,500. ಪ್ರಿಂಟ್ ಹೊಡೆದದ್ದಕ್ಕೆ 4,200. ಎದೆಯ ಮೇಲಿನ ಎಂಬ್ರಾಯ್ಡರಿ 3,000, ಅದರ ಡಿಸೈನನ್ನು ಕಂಪ್ಯೂಟರಿಗೆ ಹಾಕಿದ್ದಕ್ಕೆ 600. ದಾರ, ಲೇಬಲ್, ಟೊಪ್ಪಿಯ ಹಗ್ಗ 2,160. ಪ್ಲಾಸ್ಟಿಕ್ ಕವರ್ 600. ಲಾರಿ ಬಾಡಿಗೆ 3,200. ಸ್ಯಾಂಪಲ್ 1,400. ನಾನು ಸೋಲಾಪುರಕ್ಕೆ ನಾಲ್ಕು ಸಲ ಹೋಗಿ ಬಂದದ್ದು 2,400. ಒಟ್ಟು 70,186 ರೂಪಾಯಿ.

120ರಲ್ಲಿ 4 ಹೂಡಿಯ ಪ್ರಿಂಟ್ ಓರೆಯಾಯಿತು, 2 ಕತ್ತರಿಯಲ್ಲಿ ಹಾಳಾದವು. ಆರು ಹುಡುಗರಿಗೆ ಇಲ್ಲ ಅನ್ನಬೇಕಾಯಿತು. ಕೈಗೆ ಬಂದದ್ದು 114 ಹೂಡಿಯ 59,280. ನಷ್ಟ 10,906. ಅಂದರೆ ಒಂದು ಹೂಡಿ ನನಗೆ 616 ರೂಪಾಯಿಗೆ ಬಿದ್ದಿತ್ತು. ನಾನು 520ಕ್ಕೆ ಮಾರಿದ್ದೆ. ಸಾಲದ್ದಕ್ಕೆ, ಒಂದು ಸಲ ಒಗೆದ ಮೇಲೆ ತೋಳು ಗಿಡ್ಡವಾಯಿತು ಅಂತ ದೂರು ಬೇರೆ.

ನಷ್ಟ ವ್ಯಾಪಾರದಲ್ಲಿ ಇದ್ದದ್ದೇ. ನನ್ನ ತಪ್ಪು ಅದರ ನಂತರದ್ದು. ಅಕ್ಕ ಫೋನ್ ಮಾಡಿ "ಹೇಗಾಯ್ತು?" ಅಂದಾಗ ನನ್ನ ಬಾಯಿಂದ "ಪರವಾಗಿಲ್ಲ, ಸ್ವಲ್ಪ ಲಾಭ ಬಂತು" ಅಂತ ಬಂತು. ಮರುದಿನ ಅಂಗಡಿಯ ಗಲ್ಲದಿಂದ 3,000 ತೆಗೆದು "ನಿನ್ನ ಪಾಲು" ಅಂತ ಕಳಿಸಿದೆ. ಮುಂದಿನ ವರ್ಷ ಸರಿ ಮಾಡಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಮೇ ತಿಂಗಳಲ್ಲಿ ಮತ್ತೆ ಅವಳ ಫೋನು. ದನಿಯಲ್ಲಿ ಖುಷಿ. "ನಿನ್ನ ವ್ಯಾಪಾರದ ವಿಷಯ ಪಕ್ಕದ ಮನೆಯವಳಿಗೆ ಹೇಳಿದೆ. ಅವಳ ಹತ್ತಿರ ಒಂದು ಲಕ್ಷ ಉಂಟು. ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆ. ನಿನಗೆ ಕೊಡ್ತಾಳಂತೆ." ಆ ಹೆಂಗಸು ವಿಧವೆ. ನನ್ನ ಗಂಟಲು ಒಣಗಿತು. ಒಂದು ಸುಳ್ಳಿಗೆ ಕಾಲು ಬಂದು ಪಕ್ಕದ ಮನೆಯ ಹೊಸಿಲು ಹತ್ತಿತ್ತು.

ಫೋನಿನಲ್ಲಿ ಹೇಳುವ ಧೈರ್ಯ ಆಗಲಿಲ್ಲ. ಬೀದರಿಗೆ ಹೋಗಿ ಬೆಂಗಳೂರಿನ ರೈಲು ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಹೋದೆ. ಅಕ್ಕ ಜಗಲಿಯಲ್ಲಿ ಮಡಿಲಿಗೆ ತಡಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಲೆಕ್ಕದ ಪುಸ್ತಕ ಅವಳ ಮುಂದಿಟ್ಟು ಎಲ್ಲ ಹೇಳಿದೆ. 3,000 ರೂಪಾಯಿ ಎಲ್ಲಿಯದ್ದು ಅಂತಲೂ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು. ಕೈ ಒರೆಸಿಕೊಂಡು ಪುಸ್ತಕ ಎತ್ತಿ ಒಂದೊಂದೇ ಸಾಲು ಓದಿದಳು. ಅರ್ಧ ಕಿಲೋ ಎಂಬಲ್ಲಿ ಬೆರಳಿಟ್ಟು ಕೇಳಿದಳು, "ಇದು ಹೊಲಿದಾದ ಮೇಲಿನ ತೂಕ ಅಲ್ವಾ? ಕತ್ತರಿಸುವಾಗ ಬಿದ್ದ ಚೂರಿನ ಲೆಕ್ಕ ಎಲ್ಲಿ?"

ನಾನು ಸುಮ್ಮನೆ ನಿಂತೆ. ಅವಳು ತಡಪೆಯಲ್ಲಿದ್ದ ಎಲೆಯೊಂದನ್ನು ಎತ್ತಿ, ಅಳತೆಯ ತಗಡಿಟ್ಟು ಕತ್ತರಿಸಿ ತೋರಿಸಿದಳು. ನಡುವಿನ ಚೌಕ ಬೀಡಿಗೆ, ಸುತ್ತಲಿನದು ಕಸಕ್ಕೆ. "ಬ್ರಾಂಚಿನವರು ಇಷ್ಟು ಬೀಡಿಗೆ ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು ಅಂತ ತೂಗಿ ಕೊಡ್ತಾರೆ. ಎಲೆ ತೂತಾಗಿದ್ದರೆ, ಹರಿದಿದ್ದರೆ ನನ್ನ ತಲೆಗೆ. ಸರಿ ಇಲ್ಲ ಅಂತ ಅವರು ತೆಗೆದುಹಾಕಿದ ಬೀಡಿಗೆ ಮಜೂರಿ ಇಲ್ಲ. ನಾನು ಕಟ್ಟಿದ ಬೀಡಿಯನ್ನು ತೂಗಿ ಎಲೆ ತಂದರೆ ಎಂದಾದರೂ ಪೂರೈಸೀತಾ? ನೀನು ಮಾಡಿದ್ದು ಅದನ್ನೇ."

ಮೂವತ್ತು ವರ್ಷ ಬೀಡಿ ಕಟ್ಟಿದವಳಿಗೆ ಗೊತ್ತಿದ್ದ ಲೆಕ್ಕ, ಅಂಗಡಿ ಇಟ್ಟ ನನಗೆ ಗೊತ್ತಿರಲಿಲ್ಲ.

ಆಮೇಲೆ ಒಳಗೆ ಹೋಗಿ 3,000 ತಂದು ನನ್ನ ಕೈಗಿಟ್ಟಳು. "ಇದು ಲಾಭ ಅಲ್ಲ, ನನಗೆ ಬೇಡ. ಲಾಭದಲ್ಲಿ ಅರ್ಧ ಅಂದ ಮೇಲೆ ನಷ್ಟದಲ್ಲೂ ಅರ್ಧ ನನ್ನದು. ಆದರೆ ಇನ್ನೊಮ್ಮೆ ಸುಳ್ಳು ಲೆಕ್ಕ ಕಳಿಸಬೇಡ." ಪಕ್ಕದ ಮನೆಗೆ ಅವಳೇ ಹೋಗಿ, ಹಣ ಬ್ಯಾಂಕಿನಲ್ಲೇ ಇರಲಿ ಎಂದು ಹೇಳಿ ಬಂದಳು. ಕಾರಣವನ್ನೂ ಮುಚ್ಚಿಡಲಿಲ್ಲ.

2024ರಲ್ಲಿ ಬೇರೆ ರೀತಿ ಮಾಡಿದೆ. ಮೊದಲು ಅಳತೆಯ ಪಟ್ಟಿ, ಆಮೇಲೆ ದರ. ಯಾರಿಗೆ ಎಂ, ಯಾರಿಗೆ ಡಬಲ್ ಎಕ್ಸ್‌ಎಲ್ ಅಂತ ಬರೆದು ತಂದ ಮೇಲೆಯೇ ಮಾತು. ಉದಗೀರಿನ ಒಂದು ಕ್ಲಾಸು, ನಿಲಂಗಾದ ಒಂದು, ಉಮರ್ಗಾದ ಒಂದು, ಮೂವರನ್ನೂ ಒಂದೇ ನೇವಿ ಬಣ್ಣಕ್ಕೆ ಒಪ್ಪಿಸಿದೆ. ಬೇರೆ ಬೇರೆ ಬಣ್ಣ ಹಾಕಿಸಲು ಹೋದರೆ ಡೈಯಿಂಗಿನವರು ದೊಡ್ಡ ಲಾಟ್ ಕೇಳುತ್ತಾರೆ. ಸ್ಟಾಕಿನಲ್ಲಿರುವ ಬಣ್ಣಕ್ಕೆ ಆ ತಾಪತ್ರಯ ಇಲ್ಲ. ಮೂರು ಕ್ಲಾಸು ಸೇರಿ 260 ಹೂಡಿ ಆಯಿತು. ಬಟ್ಟೆ ಒಂದೇ ಲಾರಿಯಲ್ಲಿ ಬಂತು.

ಇಲ್ಲಿ ಹೆಚ್ಚು ಚಳಿ ಎರಡು ತಿಂಗಳು, ಅದೂ ಬೆಳಗ್ಗೆ ಮಾತ್ರ. ಹಾಗಾಗಿ 300 ಜಿಎಸ್‌ಎಂ ಬದಲು 240ರ ಲೂಪ್‌ನಿಟ್, ಟೊಪ್ಪಿ ಒಂದೇ ಪದರ. ಮೊದಲು ಒಂದು ಸ್ಯಾಂಪಲ್ ಹೊಲಿಸಿ, ಮೂರು ಸಲ ಒಗೆದು, ಎಷ್ಟು ಕುಗ್ಗಿತೆಂದು ಟೇಪ್ ಹಿಡಿದು ನೋಡಿದೆವು. ಮಾಸ್ತರರು ಕತ್ತರಿಸುವ ಮುಂಚೆ ಅಷ್ಟು ಉದ್ದ ಸೇರಿಸಿಕೊಂಡರು. ಎಂಬ್ರಾಯ್ಡರಿ ಕೈಬಿಟ್ಟು, ಬೆನ್ನಿಗೆ ಒಂದೇ ಬಣ್ಣದ ಪ್ರಿಂಟ್.

ಒಂದು ಹೂಡಿಯ ಲೆಕ್ಕ ಈಗ ಹೀಗೆ: ಚೂರೂ ಸೇರಿ ಬಟ್ಟೆ 520 ಗ್ರಾಂ, 203 ರೂಪಾಯಿ. ರಿಬ್ 30. ತೆರಿಗೆ 12. ಹೊಲಿಗೆ 95. ಪ್ರಿಂಟ್ 30, ಸ್ಕ್ರೀನಿನ ಪಾಲು 6. ದಾರ, ಹಗ್ಗ, ಲೇಬಲ್ 16. ಕವರ್ 5. ಲಾರಿ 14. ಸ್ಯಾಂಪಲ್ ಮತ್ತು ನನ್ನ ಓಡಾಟ 9. ಹಾಳಾಗುವುದಕ್ಕೆಂದು ಮೊದಲೇ ತೆಗೆದಿಟ್ಟದ್ದು 13. ಒಟ್ಟು 433. ಮಾರಿದ್ದು 510ಕ್ಕೆ. ಅರ್ಧ ಹಣ ಮುಂಗಡ ತೆಗೆದುಕೊಂಡ ಕಾರಣ ಕೈಯಿಂದ ಹಾಕಬೇಕಾದದ್ದು 46,280 ಮಾತ್ರ. ಅದರಲ್ಲಿ ನಷ್ಟದ ಪಾಲು ಕಳೆದು ಉಳಿದಿದ್ದ ಅಕ್ಕನ 44,547, ಮಿಕ್ಕಿದ್ದು ನನ್ನದು. ಲಾಭ 20,020 ಬಂತು.

ನಮ್ಮ ಊರಿನ ಹುಡುಗರು ಕ್ರಿಕೆಟ್ ಪಂದ್ಯಾಟಕ್ಕೆ, ಕಾಲೇಜಿನ ಬ್ಯಾಚಿಗೆ ಈಗ ಜೆರ್ಸಿ, ಹೂಡಿ ಮಾಡಿಸುವುದು ಮಾಮೂಲಾಗಿದೆ. ಅವರಿಗೆ ನನ್ನ ಎರಡು ಮಾತು. ಮೂವತ್ತು, ನಲವತ್ತು ಮಾತ್ರ ಬೇಕಿದ್ದರೆ ಬಟ್ಟೆ ತಂದು ಹೊಲಿಸಲು ಹೋಗಬೇಡಿ. ತಿರುಪ್ಪೂರು ಅಥವಾ ಲೂಧಿಯಾನದ ಸಾದಾ ಹೂಡಿ ತಂದು ಡಿಟಿಎಫ್ ಪ್ರಿಂಟ್ ಅಂಟಿಸಿ. ಸ್ಯಾಂಪಲ್, ಸ್ಕ್ರೀನ್, ಓಡಾಟದ ಖರ್ಚು ಕಡಿಮೆ ಹೂಡಿಗೆ ಹಂಚಿದರೆ ಒಂದೊಂದರ ಮೇಲೂ ಭಾರ ಬೀಳುತ್ತದೆ. ಇನ್ನೊಂದು, ಹಾಳಾಗುವ ಹೂಡಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹಾಳಾಗದಿದ್ದರೆ ಅದು ನಿಮ್ಮ ಅದೃಷ್ಟ.

ಲಾಭದ ಅರ್ಧ, 10,010 ರೂಪಾಯಿ ಅಕ್ಕನಿಗೆ ಕಳಿಸಿದೆ. ಜೊತೆಗೆ ಲೆಕ್ಕದ ಪುಟದ ಫೋಟೋ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ಹಣದ ವಿಷಯ ಎತ್ತಲೇ ಇಲ್ಲ. "ಹಾಳಾಗುವುದಕ್ಕೆ ಅಂತ 13 ಹಿಡಿದಿದ್ದೀಯಲ್ಲ, ನಿಜವಾಗಿ ಎಷ್ಟು ಹಾಳಾಯ್ತು?" ಅಂತ ಕೇಳಿದಳು.

ಎಣಿಸಿ ಹೇಳಿದೆ.