ಬೇವಿನೆಲೆಯ ಗುಣ

ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಹರಕೆ ಹೊತ್ತವರು ಬೇವಿನ ಉಡುಗೆಯನ್ನುಟ್ಟು ಬರುವ ವಾಡಿಕೆಯನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಇತ್ತ ಹರಿಹರದ ಮನೆಗಳಲ್ಲಿಯೂ ಮಕ್ಕಳಿಗೆ ‘ಅಮ್ಮ’ ಬಂದರೆ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುವುದು, ಗಾಯವಾದರೆ ಬೇವಿನ ಕಷಾಯದಿಂದ ತೊಳೆಯುವುದು ಹಿರಿಯರಿಂದ ಬಂದ ಪದ್ಧತಿ. ಇದು ಬರಿಯ ಮೂಢನಂಬಿಕೆಯೆಂದು ನಗುವವರೂ ಉಂಟು. ಬೇವೊಂದಿದ್ದರೆ ವೈದ್ಯರೇಕೆಂದು ಕೇಳುವವರೂ ಉಂಟು. ಇಬ್ಬರ ಮಾತೂ ನಮಗೆ ಒಪ್ಪಿಗೆಯಾಗದು.

ಶಾಸ್ತ್ರಜ್ಞರು ಎಲೆಯ ಗುಣವನ್ನು ಪರೀಕ್ಷಿಸುವ ಕ್ರಮವು ಗೃಹಿಣಿಯರಿಗೆ ತೀರ ಅಪರಿಚಿತವಾದುದೇನೂ ಅಲ್ಲ. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಮದ್ಯಸಾರದಂತಹ ದ್ರವದಲ್ಲಿ ನೆನೆಯಿಸಿ ಅದರ ಸಾರವನ್ನು ಇಳಿಸುತ್ತಾರೆ. ಆ ಸಾರವನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯ ಮೂಲಕ ಹಾಯಿಸಿದಾಗ ಅದರೊಳಗಿನ ವಸ್ತುಗಳು ಬೇರೆಬೇರೆಯಾಗಿ ಇಳಿದು ಬರುವುವು. ಬಳಿಕ ಕಡಲಪಾಚಿಯಿಂದಾದ ಅಗರನ್ನು ಹೆಪ್ಪುಗಟ್ಟಿಸಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಗಳನ್ನು ಬಿತ್ತಿ, ನಡುವೆ ಆ ವಸ್ತುವನ್ನಿಟ್ಟು, ಒಂದು ದಿನ ಬೆಚ್ಚಗಿಡುತ್ತಾರೆ. ಅದರ ಸುತ್ತಲೂ ಬ್ಯಾಕ್ಟೀರಿಯಗಳು ಬೆಳೆಯದೆ ತಿಳಿಯಾದ ವಲಯವೊಂದು ಉಳಿದರೆ, ಅವುಗಳನ್ನು ತಡೆಯುವ ಶಕ್ತಿಯುಂಟೆಂದು ತಿಳಿಯಬೇಕು. ಬೇವಿನೆಲೆಯಿಂದ ಬೇರ್ಪಡಿಸಿದ ನಿಂಬೊಲೈಡ್, ಕ್ವೆರ್ಸೆಟಿನ್ ಮೊದಲಾದವು ಪ್ರಯೋಗಶಾಲೆಯಲ್ಲಿ ಈ ಗುಣವನ್ನು ತೋರಿವೆ. ಹಿರಿಯರ ಅನುಭವವು ಹುಸಿಯಲ್ಲ.

ಆದರೆ ತಟ್ಟೆಯೇ ದೇಹವಲ್ಲ. ಎಲೆಯಲ್ಲಿ ಇಂತಹ ವಸ್ತುಗಳಿರುವುದು ಅತ್ಯಲ್ಪ. ಮರದಿಂದ ಮರಕ್ಕೆ, ಋತುವಿನಿಂದ ಋತುವಿಗೆ ಅದರ ಪ್ರಮಾಣವೂ ಬದಲಾಗುವುದು. ‘ಅಮ್ಮ’ನೆಂದು ನಾವು ಕರೆಯುವ ಸೀತಾಳೆ ಸಿಡುಬಂತೂ ಬ್ಯಾಕ್ಟೀರಿಯದಿಂದ ಬರುವುದೇ ಅಲ್ಲ, ವೈರಸ್ಸಿನಿಂದ ಬರುವಂತಹುದು. ನಮ್ಮ ಬಂಧುಗಳೊಬ್ಬರು, ಸಕ್ಕರೆ ಕಾಯಿಲೆಯವರು, ಕಾಲಿನ ಹುಣ್ಣಿಗೆ ತಿಂಗಳುಗಟ್ಟಲೆ ಬೇವನ್ನೇ ಅರೆದು ಹಚ್ಚುತ್ತಿದ್ದರು. ಆಸ್ಪತ್ರೆಗೆ ಹೋಗುವ ವೇಳೆಗೆ ಒಂದು ಬೆರಳನ್ನು ತೆಗೆಯಲೇಬೇಕಾಯಿತು. ಬೇವಿನ ಭರವಸೆಯಲ್ಲಿ ಕಳೆದ ದಿನಗಳೇ ಅವರಿಗೆ ಮುಳುವಾದುವು.

ಬೀಜದ ಎಣ್ಣೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಬೇವಿನೆಣ್ಣೆಯನ್ನು ಕುಡಿಸಿದ ಕೂಸುಗಳಿಗೆ ವಿಷವೇರಿದುದನ್ನು ಮಲೇಷಿಯದ ವೈದ್ಯರು 1981ರಲ್ಲಿಯೇ ಪ್ರಕಟಿಸಿದ್ದಾರೆ. ಮರದಿಂದ ಬಂದುದೆಲ್ಲವೂ ಸೌಮ್ಯವೆಂದು ತಾಯಂದಿರು ಎಣಿಸಬಾರದು.

ಅಂಗಳದ ಬೇವು ಬೆಳೆಯಲಿ. ಅದರ ನೆರಳೂ ಇರಲಿ, ಯುಗಾದಿಯ ದಿನ ಬೆಲ್ಲದೊಡನೆ ಅದರ ಕಹಿಯೂ ಇರಲಿ. ಆದರೆ ಗಾಯದಲ್ಲಿ ಕೀವು ಕಂಡರೆ, ಜ್ವರವು ಇಳಿಯದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅವರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನವೂ ತೆಗೆದುಕೊಳ್ಳಬೇಕು. ಮನೆಯ ಹಿರಿಯರಿಗೆ ಇದನ್ನು ವಿನಯದಿಂದ ತಿಳಿಯಹೇಳಿದರೆ ಅವರೂ ಒಪ್ಪುವರೆಂದು ನಮ್ಮ ನಂಬಿಕೆ.